ಲೆಡ್ ಜೆಪ್ಲಿನ್ ಲೈವ್ ಆಲ್ಬಮ್ ಹಳೆಯ ಟೇಪಿಗೆ ಹೊಂದದಿರುವ ಬಗ್ಗೆ

ನಿಮ್ಮಲ್ಲಿರುವ, ರಾಕ್ ಬ್ಯಾಂಡ್ ಲೆಡ್ ಜೆಪ್ಲಿನ್‌ನ 1972ರ ಜೂನ್ 25ರ ಲಾಸ್ ಏಂಜಲೀಸ್ ಕಛೇರಿಯ ಟೇಪಿಗೂ 2003ರ ‘ಹೌ ದ ವೆಸ್ಟ್ ವಾಸ್ ವನ್’ ಆಲ್ಬಮಿಗೂ ತಾಳೆಯಾಗದಿರುವುದಕ್ಕೆ ಡಿಸ್ಕಿನ ದೋಷ ಕಾರಣವಿರಲಾರದು. ಬ್ಯಾಂಡಿನ ಗಿಟಾರ್ ವಾದಕ ಜಿಮ್ಮಿ ಪೇಜ್ ಅವರು ಆ ರಾತ್ರಿಯ ಜೊತೆಗೆ ಜೂನ್ 27ರ ಲಾಂಗ್ ಬೀಚ್ ಕಛೇರಿಯ ಭಾಗಗಳನ್ನೂ ಆಯ್ದು, ಒಂದೇ ಕಾರ್ಯಕ್ರಮವೆಂಬಂತೆ ಜೋಡಿಸಿದ್ದಾರೆ. ಇದನ್ನು ಮೋಸವೆನ್ನುವ ಅಭಿಮಾನಿಗಳಿದ್ದಾರೆ, ನನಗೆ ಹಾಗೆನ್ನಿಸದು.

ಮೊದಲು ಲಾಂಗ್ ಬೀಚ್ ಟೇಪನ್ನೂ ಎದುರಿಗಿಟ್ಟುಕೊಂಡು, ಗಿಟಾರ್ ಸೋಲೋಗಳನ್ನೇ ಗುರುತಾಗಿ ಹಿಡಿದು ಹಾಡುಗಳನ್ನು ಒಂದೊಂದಾಗಿ ಹೋಲಿಸಿ. ಸೋಲೋದ ಸ್ವರಗಳು ಹೊಂದಿಯೂ ಶ್ರುತಿ ಮಾತ್ರ ಏರಿದ್ದರೆ ಬಹುಶಃ ನಿಮ್ಮ ಟೇಪು ವೇಗವಾಗಿ ಓಡುತ್ತಿದೆ. ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ಶ್ರುತಿಯನ್ನಷ್ಟೇ ಬದಲಿಸದೆ, ಶ್ರುತಿಯನ್ನೂ ಲಯವನ್ನೂ ಒಟ್ಟಿಗೆ ಇಳಿಸುವ ವೇಗದ ಆಯ್ಕೆಯನ್ನು ಬಳಸಿ. ಹಾಡಿನ ನಡುವೆ ಹೋಲಿಕೆ ಥಟ್ಟನೆ ತಪ್ಪಿದರೆ ಆಲ್ಬಮಿನ ಆ ಜಾಗದಲ್ಲಿ ಕತ್ತರಿಸಿ ಜೋಡಿಸಿರುವ ಸಾಧ್ಯತೆಯೇ ಹೆಚ್ಚು.