ಮನೆಗೆ ಜನರೇಟರ್ ಬೇಕೇ, ಇನ್ವರ್ಟರ್ ಸಾಕೇ?

ಪ್ರಶ್ನೆ: ವಿದ್ಯಾರಣ್ಯಪುರದಲ್ಲಿ 30x40 ಅಡಿ ನಿವೇಶನದ ಸ್ವಂತ ಮನೆಯಲ್ಲಿದ್ದೇವೆ. ಶ್ವಾಸಕೋಶದ ಕಾಯಿಲೆಯಿರುವ ಮಾವನವರಿಗೆ ಕಳೆದ ಚಳಿಗಾಲದಿಂದ, ಕೋಣೆಯ ಗಾಳಿಯಿಂದಲೇ ಆಮ್ಲಜನಕವನ್ನು ಬೇರ್ಪಡಿಸಿ ಕೊಡುವ ಆಕ್ಸಿಜನ್ ಕಾನ್ಸಂಟ್ರೇಟರ್ ಯಂತ್ರ ಬೇಕಾಗಿದೆ. ನಿಮಿಷಕ್ಕೆ 2 ಲೀಟರಿನಂತೆ ಹಗಲೂ ರಾತ್ರಿ ಕೊಡಬೇಕೆಂದು ವೈದ್ಯರು ಹೇಳಿದ್ದಾರೆ. ಯಂತ್ರದ ಮೇಲೆ 350 ವ್ಯಾಟ್ ಎಂದಿದೆ. ನಾಲ್ಕು ವರ್ಷದ ಹಿಂದೆ ಹಾಕಿಸಿದ, 150 ಆಂಪಿಯರ್-ಅವರ್‌ನ ಒಂದು ಬ್ಯಾಟರಿಯ ಇನ್ವರ್ಟರ್ ಈಗ ಒಂದೂವರೆ ಗಂಟೆಗೇ ಕೂಗಲು ಶುರುಮಾಡುತ್ತದೆ. ಮಾರ್ಚ್‌ನಿಂದ ಕರೆಂಟ್ ಹೋದದ್ದನ್ನೆಲ್ಲ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ: ಒಟ್ಟು 14 ಸಲ. ಹೆಚ್ಚಿನವು ಒಂದು ಗಂಟೆಯೊಳಗಿನವು, ಆದರೆ ಮೇ ತಿಂಗಳ ಮಳೆಯಲ್ಲಿ ಮರ ಬಿದ್ದಾಗ ಒಂಬತ್ತು ಗಂಟೆ ಇರಲಿಲ್ಲ. 5 ಕೆವಿಎ ಡೀಸೆಲ್ ಜನರೇಟರ್ ತಂದರೆ ಬೋರ್‌ವೆಲ್ ಮೋಟರೂ ನಡೆಯುತ್ತದೆ ಎನ್ನುವುದು ಯಜಮಾನರ ಅಭಿಪ್ರಾಯ. ಪಕ್ಕದ ಮನೆಯವರು ಸೋಲಾರ್ ಹಾಕಿಸಿ ಎನ್ನುತ್ತಾರೆ. ನಾವಿಬ್ಬರೂ ಕೆಲಸಕ್ಕೆ ಹೋದಾಗ ಮನೆಯಲ್ಲಿ ಅತ್ತೆ, ಮಾವ ಇಬ್ಬರೇ ಇರುತ್ತಾರೆ. ನಮಗೆ ಯಾವುದು ಸರಿ?
— ಓದುಗರೊಬ್ಬರು, ವಿದ್ಯಾರಣ್ಯಪುರ

ಉತ್ತರ: ನಿಮ್ಮ ಪತ್ರದಲ್ಲಿ ಕೊನೆಗೆ ಬಂದಿರುವ ಮಾತನ್ನೇ ನಾನು ಮೊದಲು ಎತ್ತಿಕೊಳ್ಳುತ್ತೇನೆ. ಕರೆಂಟ್ ಹೋದ ಹೊತ್ತಿನಲ್ಲಿ ಮನೆಯಲ್ಲಿ ಯಾರಿರುತ್ತಾರೆ ಎಂಬುದರ ಮೇಲೆ ಈ ತೀರ್ಮಾನ ನಿಂತಿದೆ. ಮಳೆ ಹೊಯ್ಯುತ್ತಿರುವ ಮಧ್ಯಾಹ್ನ ನಿಮ್ಮ ಅತ್ತೆಯವರು ಹೊರಗೆ ಹೋಗಿ, ಡೀಸೆಲ್ ನೋಡಿ, ಎಂಜಿನ್ ಚಾಲೂ ಮಾಡಿ, ಅದು ಒಂದೇ ಸಮನೆ ಓಡತೊಡಗಿದ ಮೇಲೆ ಸ್ವಿಚ್ ಬದಲಿಸಬೇಕೆಂದರೆ, ಅಷ್ಟು ಹೊತ್ತು ಒಳಗೆ ಮಾವನವರು ಆಮ್ಲಜನಕವಿಲ್ಲದೆ ಇರಬೇಕಾಗುತ್ತದೆ. ತಾನೇ ಶುರುವಾಗುವ ಜನರೇಟರುಗಳೂ ಇವೆ, ನಿಜ; ಆದರೆ ಅವು ಕೂಡ ಒಂದು ಸ್ಟಾರ್ಟರ್ ಬ್ಯಾಟರಿಯನ್ನೇ ನಂಬಿರುತ್ತವೆ, ಮತ್ತು ತಿಂಗಳುಗಟ್ಟಲೆ ಓಡಿಸದೆ ಬಿಟ್ಟ ಜನರೇಟರಿನಲ್ಲಿ ಮೊದಲು ಕೈಕೊಡುವುದು ಆ ಬ್ಯಾಟರಿಯೇ. ಆದ್ದರಿಂದ ಈಗ ನಿಮ್ಮ ಮನೆಗೆ ಜನರೇಟರ್ ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಇನ್ವರ್ಟರನ್ನು ದೊಡ್ಡದು ಮಾಡಿ, ಅದರ ಹಿಂದೆ ಒಂದು ಆಮ್ಲಜನಕದ ಸಿಲಿಂಡರ್ ಇಟ್ಟುಕೊಳ್ಳಿ.

ನೀವು ಕ್ಯಾಲೆಂಡರಿನಲ್ಲಿ ಗುರುತು ಹಾಕಿರುವುದು ಬಹಳ ಒಳ್ಳೆಯ ಕೆಲಸ. ಅದರ ಆಧಾರದ ಮೇಲೆ ಲೆಕ್ಕ ಹಾಕೋಣ. ಕರೆಂಟ್ ಇಲ್ಲದಾಗ ನಿಲ್ಲಲೇಬಾರದ್ದು ಕಾನ್ಸಂಟ್ರೇಟರ್ ಒಂದೇ. ಅದರ 350 ವ್ಯಾಟ್‌ಗೆ ಕಡಿಮೆ ವಿದ್ಯುತ್ತಿನ ಬಿಎಲ್‌ಡಿಸಿ ಫ್ಯಾನಿನ 35, ಎರಡು ಎಲ್‌ಇಡಿ ದೀಪಗಳ 20, ವೈ-ಫೈನ 15 ಸೇರಿಸಿದರೆ 420 ವ್ಯಾಟ್ ಆಗುತ್ತದೆ. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್-ಅವರ್ ಇರುತ್ತದೆಯಾದರೂ, ಪೂರ್ತಿ ಬರಿದು ಮಾಡಬಾರದೆಂಬುದನ್ನೂ ಇನ್ವರ್ಟರಿನಲ್ಲಿ ಆಗುವ ನಷ್ಟವನ್ನೂ ಕಳೆದು ನೂರಕ್ಕೆ ಅರವತ್ತರಷ್ಟನ್ನು ಮಾತ್ರ ನಂಬುವುದು ಕ್ಷೇಮ. ಹಾಗೆ ನೋಡಿದರೆ ನಿಮ್ಮ ಬ್ಯಾಟರಿ ಹೊಸದಿದ್ದಾಗಲೇ ಈ ಹೊರೆಗೆ ಎರಡೂವರೆ ಗಂಟೆ ಬರುತ್ತಿತ್ತು. ಈಗ ಒಂದೂವರೆಗೆ ಇಳಿದಿರುವುದರಲ್ಲಿ ಆಶ್ಚರ್ಯವಿಲ್ಲ. ಹೊಸ ಎರಡು ಬ್ಯಾಟರಿಗಳ, 24 ವೋಲ್ಟಿನ ಇನ್ವರ್ಟರ್ ಹಾಕಿಸಿದರೆ ಸುಮಾರು ಐದು ಗಂಟೆ ಸಿಗುತ್ತದೆ. ನೀವು ಗುರುತು ಹಾಕಿದ ಹದಿನಾಲ್ಕರಲ್ಲಿ ಹೆಚ್ಚಿನವಕ್ಕೆ ಅದು ಧಾರಾಳವಾಗಿ ಸಾಕು. ಇನ್ವರ್ಟರ್ ಲೈನಿನ ಕರೆಂಟಿನಂತೆಯೇ ನಯವಾದ ಕರೆಂಟ್ ಕೊಡುವ ‘ಪ್ಯೂರ್ ಸೈನ್ ವೇವ್’ ಮಾದರಿಯದೇ ಆಗಿರಲಿ, ಏಕೆಂದರೆ ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಕಾನ್ಸಂಟ್ರೇಟರಿನ ಕಂಪ್ರೆಸರ್ ಬಿಸಿಯಾಗಿ ಬೇಗ ಹಾಳಾಗುತ್ತದೆ. ಬ್ಯಾಟರಿಗಳನ್ನು ಮಾವನವರ ಕೋಣೆಯಲ್ಲಿಡದೆ ಗಾಳಿಯಾಡುವ ಕಡೆ ಇಡಿ. ಚಾರ್ಜ್ ಆಗುವಾಗ ಅವುಗಳಿಂದ ಹೊತ್ತಿಕೊಳ್ಳಬಲ್ಲ ಜಲಜನಕ ಹೊರಬರುತ್ತದೆ.

ಉಳಿಯುವುದು ಮೇ ತಿಂಗಳಿನಂಥ ದೀರ್ಘ ಕಡಿತ. ಒಂಬತ್ತು ಗಂಟೆಯನ್ನು ಪೂರ್ತಿ ಬ್ಯಾಟರಿಯಿಂದಲೇ ತುಂಬಿಸಲು ಹೋದರೆ ಖರ್ಚು ಬೆಳೆಯುತ್ತದೆ, ಬ್ಯಾಟರಿಗಳು ಮತ್ತೆ ತುಂಬಲು ಹತ್ತು ಹನ್ನೆರಡು ಗಂಟೆ ಬೇಕಾಗುತ್ತದೆ. ಅಲ್ಲಿಗೆ ಸಿಲಿಂಡರ್ ಬೇಕು. ‘ಬಿ’ ಮಾದರಿಯ ತುಂಬಿದ ಸಿಲಿಂಡರಿನಲ್ಲಿ ಒಂದೂವರೆ ಘನ ಮೀಟರ್, ಅಂದರೆ 1,500 ಲೀಟರ್ ಆಮ್ಲಜನಕವಿರುತ್ತದೆ. ನಿಮಿಷಕ್ಕೆ 2 ಲೀಟರಿನಂತೆ ಕೊಟ್ಟರೆ ಹನ್ನೆರಡು ಗಂಟೆಗೂ ಸ್ವಲ್ಪ ಹೆಚ್ಚು ಬರುತ್ತದೆ. ಇನ್ವರ್ಟರಿನ ಐದು ಗಂಟೆ ಸೇರಿದರೆ ಹದಿನೇಳು ಗಂಟೆಯ ರಕ್ಷಣೆಯಾಯಿತು. ಕಾನ್ಸಂಟ್ರೇಟರೇ ಕೆಟ್ಟು ನಿಂತ ದಿನವೂ ಇದೇ ಸಿಲಿಂಡರ್ ಕಾಯುತ್ತದೆ, ಜನರೇಟರಿನಿಂದ ಆ ಉಪಕಾರ ಸಿಗುವುದಿಲ್ಲ. ಒತ್ತಡ ತಗ್ಗಿಸುವ ರೆಗ್ಯುಲೇಟರ್, ನಿಮಿಷಕ್ಕೆ ಎಷ್ಟು ಲೀಟರ್ ಹೋಗುತ್ತಿದೆ ಎಂದು ತೋರಿಸುವ ಫ್ಲೋ ಮೀಟರ್‌ಗಳನ್ನು ಸಿಲಿಂಡರಿಗೆ ಜೋಡಿಸಿಯೇ ಇಡಿ, ಎಷ್ಟು ಕೊಡಬೇಕೆಂಬುದನ್ನು ವೈದ್ಯರಿಂದ ಬರೆಸಿಕೊಳ್ಳಿ, ಸಿಲಿಂಡರನ್ನು ಗೋಡೆಗೆ ಕಟ್ಟಿ ನಿಲ್ಲಿಸಿ. ಇನ್ನೊಂದು ಮಾತನ್ನು ದಯವಿಟ್ಟು ಅತ್ತೆಯವರಿಗೆ ಓದಿ ಹೇಳಿ: ಕರೆಂಟ್ ಹೋಯಿತೆಂದು ಆ ಕೋಣೆಯಲ್ಲಿ ಮೇಣದಬತ್ತಿಯನ್ನಾಗಲಿ ದೀಪವನ್ನಾಗಲಿ ಹಚ್ಚಲೇಬಾರದು. ಆಮ್ಲಜನಕ ಸೇರಿಕೊಂಡ ಹೊದಿಕೆಗೂ ದಿಂಬಿಗೂ ಸಣ್ಣ ಕಿಡಿ ಸಾಕು, ಬೆಂಕಿ ಕ್ಷಣದಲ್ಲಿ ಹಬ್ಬುತ್ತದೆ. ಊದುಬತ್ತಿಗೂ ಇದೇ ನಿಯಮ.

ಜನರೇಟರನ್ನು ನಾನು ಬೇಡವೆನ್ನುವುದಕ್ಕೆ ನಿಮ್ಮ ನಿವೇಶನವೂ ಕಾರಣ. 30x40ರಲ್ಲಿ ಮನೆ ಕಟ್ಟಿದ ಮೇಲೆ ಪಕ್ಕದಲ್ಲಿ ಉಳಿಯುವುದು ಒಬ್ಬರು ನಡೆದುಹೋಗುವಷ್ಟು ಓಣಿ. ಅಲ್ಲಿ ಡೀಸೆಲ್ ಎಂಜಿನ್ ಓಡಿದರೆ ಹೊಗೆ ಎರಡು ಗೋಡೆಗಳ ನಡುವೆ ನಿಂತು ಕಿಟಕಿಯ ಮೂಲಕ ಒಳಗೇ ಬರುತ್ತದೆ. ಆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಗಟ್ಟಿಮುಟ್ಟಾದವರನ್ನೇ ಕೊಲ್ಲಬಲ್ಲದು. ಉಸಿರಾಟಕ್ಕೆ ಕಷ್ಟಪಡುತ್ತಿರುವವರ ಕಿಟಕಿಯ ಕೆಳಗೆ ಅದನ್ನು ಇಡಿ ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ. ಶಬ್ದದ ವಿಷಯವನ್ನೂ ನೋಡಿ. ಮುಚ್ಚಿದ ಪೆಟ್ಟಿಗೆಯ ಡೀಸೆಲ್ ಜನರೇಟರಿನಿಂದ ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್‌ವರೆಗೆ ನಿಯಮದಲ್ಲಿ ಅವಕಾಶವಿದೆ, ಆದರೆ 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹಾಕಿರುವ ಮಿತಿ 45 ಡೆಸಿಬೆಲ್. ಪಕ್ಕದ ಮನೆಯ ಮಲಗುವ ಕೋಣೆ ಎರಡು ಮೂರು ಮೀಟರಿನಲ್ಲೇ ಇರುವಾಗ ಇವೆರಡೂ ಹೊಂದುವುದಿಲ್ಲ.

ಬೋರ್‌ವೆಲ್ ಮೋಟರನ್ನು ಈ ಲೆಕ್ಕದಿಂದ ಹೊರಗಿಡಿ ಎಂದು ಯಜಮಾನರಿಗೆ ಹೇಳಿ. ಮೋಟರ್ ಶುರುವಾಗುವ ಕ್ಷಣದಲ್ಲಿ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, 5 ಕೆವಿಎ ಜನರೇಟರಿನಲ್ಲಿ ನಿಜಕ್ಕೂ ಸಿಗುವುದು 4 ಕಿಲೋವ್ಯಾಟ್. ಮೋಟರಿಗಾಗಿ ದೊಡ್ಡ ಜನರೇಟರ್ ತಂದು ಉಳಿದ ಹೊತ್ತೆಲ್ಲ 420 ವ್ಯಾಟ್‌ಗೆ ಓಡಿಸಿದರೆ ಡೀಸೆಲ್ ಪೂರ್ತಿ ಉರಿಯದೆ ಎಂಜಿನ್ನಿನಲ್ಲಿ ಮಸಿ ಕಟ್ಟುತ್ತದೆ. ಮೋಡ ಕವಿದಾಗಲೇ ಓವರ್‌ಹೆಡ್ ಟ್ಯಾಂಕ್ ತುಂಬಿಸಿಕೊಂಡರೆ ಒಂದು ದಿನದ ಮಟ್ಟಿಗೆ ನೀರಿನ ಚಿಂತೆ ಇರುವುದಿಲ್ಲ.

ಮುಂದೆ ಎಂದಾದರೂ ಬಾಡಿಗೆಗೋ ಎರವಲಿಗೋ ಜನರೇಟರ್ ತರಬೇಕಾದರೆ, ಈಗಲೇ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದ ಒಂದು ಚೇಂಜ್‌ಓವರ್ ಸ್ವಿಚ್ ಹಾಕಿಸಿಡಿ; ಅದು ಮನೆಯ ವೈರಿಂಗನ್ನು ಒಂದು ಸಲಕ್ಕೆ ಬೀದಿಯ ಲೈನಿಗೋ ಜನರೇಟರಿಗೋ ಒಂದಕ್ಕೆ ಮಾತ್ರ ಜೋಡಿಸುತ್ತದೆ. ಒಂದು ಮಳೆಗಾಲದ ಸಂಜೆ ಪರಿಚಿತರ ಮನೆಯಲ್ಲಿ, ಎರಡೂ ತುದಿಗೆ ಪ್ಲಗ್ ಜೋಡಿಸಿದ ವೈರೊಂದು ಜನರೇಟರಿನಿಂದ ಅಡುಗೆಮನೆಯ ಸಾಕೆಟ್ಟಿಗೆ ಹೋಗಿದ್ದನ್ನು ನಾನು ಕಂಡಿದ್ದೇನೆ. ಮೇನ್ ಸ್ವಿಚ್ ಆರಿಸಿರಲಿಲ್ಲ. ಹೀಗೆ ಮಾಡಿದಾಗ ಕರೆಂಟ್ ಮೀಟರ್ ದಾಟಿ ಬೀದಿಯ ಲೈನಿಗೆ ಹಿಂದಕ್ಕೆ ಹರಿಯುತ್ತದೆ, ಟ್ರಾನ್ಸ್‌ಫಾರ್ಮರ್ ಅದನ್ನು 11,000 ವೋಲ್ಟ್‌ವರೆಗೂ ಏರಿಸಬಲ್ಲದು. ಲೈನ್ ಸತ್ತಿದೆ ಎಂದುಕೊಂಡು ಕಂಬ ಹತ್ತಿದ ಲೈನ್‌ಮನ್ ಪ್ರಾಣ ಆ ಒಂದು ವೈರಿನಲ್ಲಿರುತ್ತದೆ. ಅಂದು ಪ್ಲಗ್ ಕಿತ್ತುಹಾಕಿಸಿದ ಮೇಲೂ ಬಹಳ ಹೊತ್ತು ನನ್ನ ಎದೆ ಹೊಡೆದುಕೊಳ್ಳುತ್ತಿತ್ತು.

ಸೋಲಾರ್ ಬಗ್ಗೆ ಒಂದೇ ಮಾತು. ಬ್ಯಾಟರಿಯಿಲ್ಲದೆ ಬೆಸ್ಕಾಂ ಲೈನಿಗೆ ಜೋಡಿಸುವ ಛಾವಣಿ ಸೋಲಾರ್, ಬಿರುಬಿಸಿಲಿದ್ದರೂ ಕರೆಂಟ್ ಹೋದೊಡನೆ ತಾನೂ ನಿಲ್ಲುತ್ತದೆ; ಲೈನ್‌ಮನ್ನರ ಸುರಕ್ಷತೆಗಾಗಿಯೇ ಅದನ್ನು ಹಾಗೆ ಮಾಡಿರುತ್ತಾರೆ. ಬಿಲ್ ಇಳಿಸಲು ಅದು ಒಳ್ಳೆಯದು, ಮಾವನವರ ಉಸಿರಿಗೆ ಅದನ್ನು ನಂಬಬೇಡಿ.

ಎಲ್ಲ ಹಾಕಿಸಿದ ಮೇಲೆ, ನೀವಿಬ್ಬರೂ ಮನೆಯಲ್ಲಿರುವ ಒಂದು ಭಾನುವಾರ ಬೆಳಿಗ್ಗೆ ಮೇನ್ ಸ್ವಿಚ್ ಆರಿಸಿ. ಕಾನ್ಸಂಟ್ರೇಟರ್ ನಿಲ್ಲದೆ ನಡೆಯುತ್ತದೆಯೇ, ಇನ್ವರ್ಟರ್ ಎಷ್ಟು ಹೊತ್ತಿಗೆ ಕೂಗುತ್ತದೆ ಎಂಬುದನ್ನು ಗಡಿಯಾರ ನೋಡಿ ಬರೆದುಕೊಳ್ಳಿ. ಕೂಗಿದಾಗ ನೀವು ಕೈಹಾಕದೆ, ಅತ್ತೆಯವರೇ ಸಿಲಿಂಡರಿನ ಕೀಲಿ ತಿರುಗಿಸಿ, ಫ್ಲೋ ಮೀಟರಿನ ಗುಂಡು 2ರ ಗೆರೆಗೆ ಬರುವಂತೆ ಮಾಡಿ, ಕೊಳವೆ ಬದಲಿಸಲಿ. ಕೀಲಿ ಬಿಗಿಯಾಗಿದ್ದು ಅವರ ಕೈಗೆ ತಿರುಗದಿದ್ದರೆ ಅದು ಆ ದಿನವೇ ಗೊತ್ತಾಗಬೇಕು. ಬೆಸ್ಕಾಂ ಸಹಾಯವಾಣಿ 1912 ಅನ್ನು ಅವರಿಗೆ ಕಾಣುವಷ್ಟು ದಪ್ಪ ಅಕ್ಷರದಲ್ಲಿ ಬರೆದು ಸಿಲಿಂಡರಿನ ಪಕ್ಕದ ಗೋಡೆಗೇ ಅಂಟಿಸಿ.