ಕಾರಿನ ಗ್ಲಾಸ್ ಒರೆಸಿದ ಮೇಲೂ ಗೆರೆ ಉಳಿಯುವುದೇಕೆ?

ಸುರತ್ಕಲ್‌ನಿಂದ ದಿನಾ ಮಂಗಳೂರಿಗೆ ಹೋಗಿ ಬರುತ್ತೇನೆ, ಎಷ್ಟು ಒರೆಸಿದರೂ ರಾತ್ರಿ ಎದುರಿನ ಗಾಡಿಯ ಲೈಟ್ ಬಿದ್ದಾಗ ಗ್ಲಾಸ್ ತುಂಬ ಬಿಳಿ ಗೆರೆ, ಯಾವ ಸ್ಪ್ರೇ ತಗೊಳ್ಳಲಿ ಎಂದು ಕೇಳಿದ್ದೀರಿ.

ಸ್ಪ್ರೇ ಬದಲಿಸಿ ದೊಡ್ಡ ಪ್ರಯೋಜನ ಇಲ್ಲ ಮಾರಾಯ್ರೆ. ಗ್ಲಾಸಿನ ಮೇಲಿನ ಕೊಳೆ ಸ್ಪ್ರೇಯಲ್ಲಿ ಕರಗುತ್ತದೆ. ಅದನ್ನು ಬಟ್ಟೆ ಹೀರಿಕೊಳ್ಳದಿದ್ದರೆ ಕಾವಲಿಗೆ ಎಣ್ಣೆ ಸವರಿದ ಹಾಗೆ ಗ್ಲಾಸಿಡೀ ಸವರಿಹೋಗಿ ಅಲ್ಲೇ ಒಣಗುತ್ತದೆ. ಗೆರೆ ಅಂದರೆ ಅದೇ. ಇನ್ನಷ್ಟು ಸ್ಪ್ರೇ ಹೊಡೆದರೆ ಇನ್ನಷ್ಟು ಸವರುತ್ತದೆ, ಜೊತೆಗೆ ಸ್ಪ್ರೇಯಲ್ಲಿರುವ ಸಾಬೂನಿನ ಅಂಶವೂ ಉಳಿಯುತ್ತದೆ. ಹಾಗಾಗಿ ಮೊದಲು ಗ್ಲಾಸಿನ ಮೇಲೆ ಕೂತಿರುವುದು ಏನು ಎಂದು ನೋಡಬೇಕು.

ನಿಮ್ಮ ದಾರಿಯಲ್ಲಿ ಹೊರಬದಿಗೆ ಕೂರುವುದರಲ್ಲಿ ಉಪ್ಪೇ ಮುಖ್ಯ. ಸುರತ್ಕಲ್, ಮುಕ್ಕ ಭಾಗದಲ್ಲಿ ಹೆದ್ದಾರಿ 66ಕ್ಕೂ ಕಡಲಿಗೂ ಹೆಚ್ಚು ದೂರವಿಲ್ಲ. ಮರವಂತೆಯಲ್ಲಂತೂ ರಸ್ತೆಯ ಅಂಚಿಗೇ ಕಡಲು. ಅಲೆ ಒಡೆದಾಗ ಏಳುವ ಸಣ್ಣ ಹನಿಗಳು ಗಾಳಿಯಲ್ಲಿ ಬಂದು ಗ್ಲಾಸಿಗೆ ಅಂಟುತ್ತವೆ. ಗಾಳಿಯ ತೇವಾಂಶ ಶೇಕಡಾ 75 ದಾಟಿದರೆ ಅಡುಗೆ ಉಪ್ಪೇ ತಾನಾಗಿ ನೀರಾಗುತ್ತದೆ. ಕಡಲ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುವುದರಿಂದ ಅದು ಇನ್ನೂ ಬೇಗ ಜಿನುಗುತ್ತದೆ. ಮಧ್ಯಾಹ್ನ ಒರೆಸಿ ಸ್ವಚ್ಛ ಕಂಡ ಗ್ಲಾಸ್ ರಾತ್ರಿ ಮಬ್ಬಾಗುವುದಕ್ಕೆ ಇದೊಂದು ಕಾರಣ: ಉಳಿದ ಉಪ್ಪು ರಾತ್ರಿಯ ತೇವ ಕುಡಿದು ಒದ್ದೆ ಪದರ ಆಗಿರುತ್ತದೆ. ಉಪ್ಪು ತೆಗೆಯಲು ಕೆಮಿಕಲ್ ಬೇಡ, ಧಾರಾಳ ನೀರು ಸಾಕು. ಆದರೆ ನೀರು ಹರಿದು ಹೋಗಬೇಕು. ಒದ್ದೆ ಬಟ್ಟೆಯಲ್ಲಿ ಸುಮ್ಮನೆ ಒರೆಸಿದರೆ ಉಪ್ಪು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗುತ್ತದೆ, ಅಷ್ಟೇ.

ಒಳಬದಿಯ ಕತೆ ಬೇರೆ. ನನ್ನ ಅಭಿಪ್ರಾಯದಲ್ಲಿ ರಾತ್ರಿ ಕಾಣುವ ಮಬ್ಬಿಗೆ ಹೆಚ್ಚಿನ ಕಾರುಗಳಲ್ಲಿ ಒಳಬದಿಯೇ ಕಾರಣ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಕಾದಾಗ ಅದರ ಪ್ಲಾಸ್ಟಿಕ್‌ನಿಂದ ಎಣ್ಣೆಯಂಥ ಆವಿ ಎದ್ದು ಗ್ಲಾಸಿಗೆ ಕೂರುತ್ತದೆ. ಹೊಸ ಕಾರಿನಲ್ಲಿ ಇದು ಇನ್ನೂ ಹೆಚ್ಚು. ಅದಕ್ಕೆ ಊದುಬತ್ತಿಯ ಹೊಗೆ, ಡ್ಯಾಶ್‌ಬೋರ್ಡಿಗೆ ಹಚ್ಚುವ ಸಿಲಿಕೋನ್ ಪಾಲಿಶ್, ಹಿಂದಿನ ಸೀಟಿನ ಮಕ್ಕಳು ತಲೆ ಒರಗಿಸಿ ಬಿಟ್ಟ ತೆಂಗಿನೆಣ್ಣೆ ಎಲ್ಲ ಸೇರುತ್ತವೆ. ಇದು ಬರೀ ನೀರಿಗೆ ಹೋಗುವುದಿಲ್ಲ.

ಗೆರೆ ಯಾವ ಬದಿಯದ್ದು ಎಂದು ತಿಳಿಯಲು ಸುಲಭದ ದಾರಿ ಉಂಟು. ಹೊರಬದಿಯನ್ನು ಅಡ್ಡಕ್ಕೆ, ಒಳಬದಿಯನ್ನು ಮೇಲಿಂದ ಕೆಳಗೆ ಒರೆಸಿ. ಆಮೇಲೆ ಅಡ್ಡ ಗೆರೆ ಕಂಡರೆ ಹೊರಗೆ, ಉದ್ದ ಗೆರೆ ಕಂಡರೆ ಒಳಗೆ ಮತ್ತೊಮ್ಮೆ ಕೈ ಹಾಕಿದರಾಯಿತು. ಹಿಂದಿನ ಗ್ಲಾಸಿನ ಒಳಗೆ ಮಾತ್ರ ಈ ನಿಯಮ ಬೇಡ. ಅಲ್ಲಿ ಗ್ಲಾಸನ್ನು ಬಿಸಿ ಮಾಡಿ ಮಬ್ಬು ತೆಗೆಯುವ ಡಿಫಾಗರ್‌ನ ಸಣ್ಣ ತಂತಿಗೆರೆಗಳು ಅಡ್ಡಕ್ಕೆ ಇರುತ್ತವೆ, ಅವುಗಳ ಉದ್ದಕ್ಕೇ ಮೆತ್ತಗೆ ಒರೆಸಬೇಕು. ಒಂದು ಗೆರೆ ಕಿತ್ತುಹೋದರೆ ಆ ಸಾಲು ಮತ್ತೆ ಬಿಸಿಯಾಗುವುದಿಲ್ಲ.

ಬಟ್ಟೆಯ ವಿಷಯಕ್ಕೆ ಬರೋಣ, ಅರ್ಧ ಕೆಲಸ ಇಲ್ಲೇ ಕೆಡುವುದು. ಹಳೆ ಬೈರಾಸು, ಬನಿಯನ್ ತುಂಡು ಬೇಡ. ನೂಲು ಬಿಡುತ್ತವೆ, ಎಣ್ಣೆಯನ್ನು ಸರಿಯಾಗಿ ಹೀರುವುದಿಲ್ಲ. ಓದಿ ಮುಗಿಸಿದ ಪೇಪರ್‌ನಲ್ಲಿ ಒರೆಸುವ ಅಭ್ಯಾಸ ತುಂಬ ಮನೆಗಳಲ್ಲಿ ಉಂಟು. ಕಿಟಕಿ ಗ್ಲಾಸಿಗೆ ನಡೆದೀತು, ಆದರೆ ಕಾರಿನ ರಬ್ಬರ್ ಬೀಡಿಂಗ್‌ಗೂ ತಿಳಿ ಬಣ್ಣದ ಒಳಹೊದಿಕೆಗೂ ಶಾಯಿ ಹತ್ತುತ್ತದೆ. 40 ಸೆಂಟಿಮೀಟರ್ ಚೌಕದ ಮೈಕ್ರೋಫೈಬರ್ ಬಟ್ಟೆ ಮೂರು ಇಟ್ಟುಕೊಳ್ಳಿ: ಒಂದು ಹೊರಗಿನ ಒದ್ದೆ ಒರೆತಕ್ಕೆ, ಒಂದು ಒಳಗಿನ ಒದ್ದೆ ಒರೆತಕ್ಕೆ, ಇನ್ನೊಂದು ಕೊನೆಯಲ್ಲಿ ಒಣ ಒರೆತಕ್ಕೆ ಮಾತ್ರ. ಜೂಲು ಹೆಚ್ಚಿರುವುದಕ್ಕಿಂತ ಗ್ಲಾಸಿಗೆಂದೇ ಸಿಗುವ ನಯ ನೇಯ್ಗೆಯದ್ದು ವಾಸಿ. ಎರಡು ಸಲ ಮಡಚಿದರೆ ಎಂಟು ಮುಖ ಸಿಗುತ್ತದೆ. ಒಂದು ಮುಖ ಕೊಳೆಯಾದ ಕೂಡಲೇ ಮುಂದಿನದಕ್ಕೆ ತಿರುಗಿಸಿ. ಈ ಬಟ್ಟೆಗಳನ್ನು ಬೇರೆ ಬಟ್ಟೆಗಳ ಜೊತೆ ಒಗೆಯಬಾರದು, ಕಂಫರ್ಟ್‌ನಂಥ ಫ್ಯಾಬ್ರಿಕ್ ಕಂಡೀಷನರ್ ಅಂತೂ ಹಾಕಲೇಬಾರದು. ಅದು ನೂಲಿನ ಮೇಲೆ ಜಿಡ್ಡಿನ ಪದರ ಬಿಡುತ್ತದೆ, ಆಮೇಲೆ ಎಷ್ಟು ಉಜ್ಜಿದರೂ ಆ ಪದರವೇ ಗ್ಲಾಸಿಗೆ ಬರುತ್ತದೆ. ಹೊಸ ಸ್ಪ್ರೇ ತಂದರೂ ಗೆರೆ ಹೋಗಿಲ್ಲ ಎನ್ನುವವರು ಮೊದಲು ಬಟ್ಟೆ ಬದಲಿಸಿ ನೋಡಬೇಕು.

ನೀರು: ಹೊರಗೆ ತೊಳೆಯಲು ತುಂಬೆಯಿಂದ ಬರುವ ಕಾರ್ಪೊರೇಷನ್ ನೀರು ಸಾಕು, ಉಡುಪಿಯವರಿಗೆ ಬಜೆಯ ನೀರು. ಬೋರ್‌ವೆಲ್ ನೀರಿನಲ್ಲಿ ಕಬ್ಬಿಣವೋ ಉಪ್ಪೋ ಇದ್ದರೆ ಒಣಗಿದ ಹನಿ ಕಲೆಯಾಗಿ ಉಳಿಯುತ್ತದೆ. ಬಕೆಟ್‌ನಲ್ಲಿ ಕೆಂಪು ಗಸಿ ಕೂರುತ್ತದೆ ಅಂದರೆ ಆ ನೀರನ್ನು ಗ್ಲಾಸಿನ ಮೇಲೆ ಒಣಗಲು ಬಿಡಬೇಡಿ. ಮಳೆಗಾಲದಲ್ಲಿ ಮಾಡಿನ ನೀರು ಹಿಡಿದಿಟ್ಟರೆ ಇನ್ನೂ ಒಳ್ಳೆಯದು, ಮೊದಲೆರಡು ಮಳೆಯದ್ದು ಬಿಟ್ಟು. ಕೊನೆಯ ಒರೆತದ ದ್ರಾವಣಕ್ಕೆ ಮಾತ್ರ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಬಳಸಿ.

ದ್ರಾವಣ ಮನೆಯಲ್ಲೇ ಮಾಡಬಹುದು. ಶೇಕಡಾ 70ರ ಐಸೋಪ್ರೊಪೈಲ್ ಆಲ್ಕೋಹಾಲ್ 200 ಮಿಲಿ, ಡಿಸ್ಟಿಲ್ಡ್ ವಾಟರ್ 200 ಮಿಲಿ, ಅಷ್ಟೇ. ನಮ್ಮ ತೇವದ ಗಾಳಿಯಲ್ಲಿ ಬರೀ ನೀರು ಬೇಗ ಆರುವುದಿಲ್ಲ. ಆಲ್ಕೋಹಾಲ್ ಜಿಡ್ಡನ್ನೂ ಕರಗಿಸುತ್ತದೆ, ಬೇಗ ಆರಿಯೂ ಹೋಗುತ್ತದೆ. ಔಷಧಿ ಅಂಗಡಿಯಲ್ಲಿ ಹೆಸರು ಹೇಳಿಯೇ ಕೇಳಿ. ಮನೆಯಲ್ಲಿ ಉಳಿದ ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ, ಗ್ಲಿಸರಿನ್ ಆರುವ ವಸ್ತುವಲ್ಲ. ಲಿಂಬೆಹುಳಿಯೂ ಬೇಡ, ಅಂಟು ಉಳಿಯುತ್ತದೆ. ಅಂಗಡಿಯ ಸ್ಪ್ರೇ ಇದ್ದರೆ ಅದನ್ನೇ ಬಳಸಿ, ಆದರೆ ಗ್ಲಾಸಿಗೆ ಸನ್ ಫಿಲ್ಮ್ ಇದ್ದರೆ ಅಮೋನಿಯಾ ಇಲ್ಲದ್ದೇ ಆಗಬೇಕು. ಅಮೋನಿಯಾ ಫಿಲ್ಮನ್ನು ಹಾಳುಮಾಡುತ್ತದೆ. ಆಲ್ಕೋಹಾಲ್ ಬೆಂಕಿ ಹಿಡಿಯುವಂಥದ್ದು, ನಾಲ್ಕೂ ಬಾಗಿಲು ತೆರೆದಿಡಿ.

ಈಗ ಕೆಲಸ. ಕಾರು ನೆರಳಲ್ಲಿರಲಿ, ಗ್ಲಾಸ್ ಮುಟ್ಟಿದರೆ ತಣ್ಣಗಿರಲಿ. ಬಿಸಿ ಗ್ಲಾಸಿನಲ್ಲಿ ದ್ರಾವಣ ಬಟ್ಟೆ ತಾಗುವ ಮೊದಲೇ ಒಣಗುತ್ತದೆ. ಹೊರಬದಿಗೆ ಮೊದಲು ಪೈಪಿನಿಂದ ನೀರು ಬಿಡಿ. ಒಣ ಗ್ಲಾಸಿಗೆ ಬಟ್ಟೆ ಹಾಕಿದರೆ ಮುರಕಲ್ಲಿನ ಕೆಂಪು ಧೂಳಿನ ಜೊತೆ ಸೇರಿದ ಮರಳಿನ ಕಣ ಗೀರು ಹಾಕುತ್ತದೆ, ಆ ಗೀರು ಮತ್ತೆ ಹೋಗುವುದಿಲ್ಲ. ಜಿಡ್ಡು ಇದ್ದರೆ ಒಂದು ಲೀಟರ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಮೂರು ಹನಿ. ಒಂದು ಚಮಚ ಹಾಕಿದರೆ ಸಾಬೂನು ತೆಗೆಯುವುದೇ ಬೇರೆ ಕೆಲಸ. ಪುನಃ ನೀರು ಬಿಟ್ಟು ತೊಳೆಯಿರಿ. ಬಾಗಿಲ ಗ್ಲಾಸನ್ನು ಎರಡು ಇಂಚು ಇಳಿಸಿ ಮೇಲಿನ ಅಂಚು ಒರೆಸಿ. ರಬ್ಬರ್ ಚಡಿಯೊಳಗಿನ ಕೆಸರನ್ನೂ ಒದ್ದೆ ಬಟ್ಟೆಯಲ್ಲಿ ತೆಗೆಯಿರಿ, ಇಲ್ಲದಿದ್ದರೆ ಗ್ಲಾಸ್ ಏರಿಳಿಯುವಾಗ ಅದೇ ಕೆಸರು ಉದ್ದ ಗೆರೆ ಎಳೆಯುತ್ತದೆ. ಅದನ್ನು ಒರೆಸಿದ ಗೆರೆ ಎಂದುಕೊಂಡು ಮತ್ತೆ ಮತ್ತೆ ಸ್ಪ್ರೇ ಹೊಡೆಯುವವರೇ ಹೆಚ್ಚು.

ಇನ್ನು ಒಳಗೆ. ದ್ರಾವಣವನ್ನು ಗ್ಲಾಸಿಗೆ ಹೊಡೆಯಬೇಡಿ, ಹನಿ ಡ್ಯಾಶ್‌ಬೋರ್ಡಿಗೆ, ಟಚ್‌ಸ್ಕ್ರೀನಿಗೆ, ಸ್ಪೀಕರ್‌ಗೆ ಬೀಳುತ್ತದೆ. ಬಟ್ಟೆಗೆ ಹೊಡೆಯಿರಿ: ಬಾಗಿಲ ಗ್ಲಾಸಿಗೆ ಎರಡು ಮೂರು ಸಲ, ಮುಂದಿನ ದೊಡ್ಡ ಗ್ಲಾಸಿಗೆ ಅರ್ಧರ್ಧ ಭಾಗವಾಗಿ ಮಾಡಿ ಪ್ರತಿ ಭಾಗಕ್ಕೆ ಮೂರು ನಾಲ್ಕು ಸಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಆರುವ ಮೊದಲೇ ಒಣ ಬಟ್ಟೆ ಹಾಕಿ. ಗೆರೆ ಇರುವುದೋ ಹೋಗುವುದೋ ತೀರ್ಮಾನವಾಗುವುದು ಈ ಎರಡನೆಯ ಒರೆತದಲ್ಲೇ. ಮುಂದಿನ ಗ್ಲಾಸ್ ಡ್ಯಾಶ್‌ಬೋರ್ಡ್ ಸೇರುವ ಕೆಳಮೂಲೆಗೆ ಅಂಗೈ ಹೋಗುವುದಿಲ್ಲ. ಪಕ್ಕದ ಸೀಟಿನಲ್ಲಿ ಕೂತು, ಬಟ್ಟೆಯನ್ನು ಬೆರಳಿಗೆ ಸುತ್ತಿ, ಕೈಯ ಹಿಂಬದಿಯಿಂದ ತಳ್ಳಿದರೆ ಹೋಗುತ್ತದೆ. ತಿಂಗಳುಗಟ್ಟಲೆ ಕೂತ ಎಣ್ಣೆ ಪದರ ಒಂದೇ ಸಲಕ್ಕೆ ಬರುವುದಿಲ್ಲ. ಬಟ್ಟೆಯ ಮುಖ ಬದಲಿಸುತ್ತಾ ಎರಡು ಮೂರು ಸಲ ಮಾಡಬೇಕು. ಆಮೇಲೆ ಒಳಗಿಂದ ಬಾಯಿಯ ಹಬೆ ಬಿಟ್ಟು ನೋಡಿ: ಹಬೆ ಒಂದೇ ಸಮ ಕೂತು ಒಂದೇ ಸಮ ಹೋದರೆ ಸ್ವಚ್ಛ, ಪಟ್ಟೆ ಪಟ್ಟೆಯಾಗಿ ಕೂತರೆ ಜಿಡ್ಡು ಇನ್ನೂ ಉಂಟು.

ಹೋಗದ ಬಿಳಿ ಚುಕ್ಕೆಗಳಿಗೆ ಬಿಳಿ ವಿನೆಗರ್ ಮತ್ತು ನೀರು ಸಮಸಮ ಬೆರೆಸಿ, ಬಟ್ಟೆಗೆ ನೆನೆಸಿ ಐದು ನಿಮಿಷ ಗ್ಲಾಸಿಗೆ ಅಂಟಿಸಿಡಿ, ಪೇಂಟಿಗೆ ತಾಗದ ಹಾಗೆ. ಆಮೇಲೆ ಚೆನ್ನಾಗಿ ತೊಳೆಯಿರಿ. ಅದಕ್ಕೂ ಬಗ್ಗದಿದ್ದರೆ ಸೀರಿಯಂ ಆಕ್ಸೈಡ್ ಪುಡಿಯ ಪೇಸ್ಟ್, ಹೊರಬದಿಗೆ ಮಾತ್ರ, ಒದ್ದೆಯಾಗಿಟ್ಟುಕೊಂಡೇ ಉಜ್ಜಬೇಕು. ಅದು ಗ್ಲಾಸನ್ನೇ ಅತಿ ಸ್ವಲ್ಪ ಸವೆಸುವ ಕೆಲಸ. ಡ್ರೈವರ್ ಕಣ್ಣೆದುರಿನ ಜಾಗದಲ್ಲಿ ಒಂದೇ ಕಡೆ ಹೆಚ್ಚು ಉಜ್ಜಿದರೆ ನೋಟ ಅಲೆಅಲೆಯಾಗುತ್ತದೆ, ಕೈ ಪಳಗಿದವರಿಗೆ ಬಿಡುವುದು ಒಳ್ಳೆಯದು.

ಕಮಾನಿನ ಆಕಾರದ ಗೆರೆ ಬಂದರೆ ಒರೆತದ ತಪ್ಪಲ್ಲ, ವೈಪರ್‌ನದ್ದು. ವೈಪರ್ ಎತ್ತಿ ರಬ್ಬರ್ ಅಂಚನ್ನು ಒದ್ದೆ ಬಟ್ಟೆಯಲ್ಲಿ ಬಟ್ಟೆಗೆ ಕಪ್ಪು ಹತ್ತುವುದು ಕಡಿಮೆಯಾಗುವ ತನಕ ಒರೆಸಿ. ಅಂಚು ಬಿರಿದಿದ್ದರೆ ಬದಲಿಸಿ. ಏಪ್ರಿಲ್, ಮೇ ಬಿಸಿಲಿಗೆ ರಬ್ಬರ್ ಗಟ್ಟಿಯಾಗುತ್ತದೆ, ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುವ ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ಕೊನೆಗೆ, ಹೊಸದು ಹಾಕಿದರೆ ಸರಿಯಾದ ಸಮಯ.

ಮಳೆಗಾಲದಲ್ಲಿ ಒಂದು ಮಬ್ಬು ಕೊಳೆಯೇ ಅಲ್ಲ. ಆಗ ಇಲ್ಲಿ ಹೊರಗಿನ ಗಾಳಿ 23–25 ಡಿಗ್ರಿಗೆ ತಣಿದರೆ ಸಾಕು, ತೇವ ನೀರಾಗುತ್ತದೆ. ಎಸಿಯ ಗಾಳಿ ಮುಂದಿನ ಗ್ಲಾಸಿಗೆ ಬಡಿದು ಅದು ಇನ್ನೂ ತಣ್ಣಗಾದರೆ ಹೊರಬದಿಯಲ್ಲೇ ಇಬ್ಬನಿ ಕೂರುತ್ತದೆ. ಒಳಗಿಂದ ಎಷ್ಟು ಒರೆಸಿದರೂ ಹೋಗುವುದಿಲ್ಲ, ಬೆರಳ ಗುರುತು ಮಾತ್ರ ಉಳಿಯುತ್ತದೆ. ವೈಪರ್ ಒಮ್ಮೆ ಹಾಕಿ, ಗಾಳಿಯ ದಿಕ್ಕನ್ನು ಗ್ಲಾಸಿನಿಂದ ಕಾಲಿನ ಕಡೆಗೆ ತಿರುಗಿಸಿ, ಎಸಿಯನ್ನು ಒಂದೆರಡು ಡಿಗ್ರಿ ಏರಿಸಿ. ಮಬ್ಬು ಒಳಬದಿಯದ್ದಾದರೆ ಇದಕ್ಕೆ ತದ್ವಿರುದ್ಧ: ಎಸಿ ಆನ್ ಇಟ್ಟು ಗಾಳಿಯನ್ನು ಗ್ಲಾಸಿಗೆ ಬಿಡಿ, ಒಳಗಿನ ಗಾಳಿಯನ್ನೇ ಸುತ್ತಿಸುವ ರೀಸರ್ಕ್ಯುಲೇಷನ್ ಬಟನ್ ಆಫ್ ಮಾಡಿ.