ಕರೆಂಟು ಬಂದರೂ ಪ್ರಿಂಟರ್ ಬರುವುದಿಲ್ಲ

ಪ್ರಶ್ನೆ: ಉಡುಪಿ ರಥಬೀದಿಯ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ. ವೈಫೈ ಲೇಸರ್ ಪ್ರಿಂಟರ್ ಇದೆ. ಮಳೆ ಶುರುವಾದ ಮೇಲೆ ಕರೆಂಟು ಹೋಗಿ ಬಂದಾಗಲೆಲ್ಲ ಕಂಪ್ಯೂಟರ್ ‘ಪ್ರಿಂಟರ್ ಆಫ್‌ಲೈನ್’ ಎನ್ನುತ್ತದೆ. ತೆಗೆದು ಮತ್ತೆ ಸೇರಿಸಿದರೆ ಸರಿ. ಹೀಗಾಗಿ ಪಟ್ಟಿಯಲ್ಲಿ ಒಂದೇ ಪ್ರಿಂಟರ್ ‘ಕಾಪಿ 6’ರವರೆಗೆ ಬೆಳೆದಿದೆ. ರಿಪೇರಿಯವರು ವೈಫೈ ಬೋರ್ಡು ಹೋಗಿದೆ ಎಂದರು. ಬದಲಿಸಲೇ?
– ಓದುಗರು, ಉಡುಪಿ

ಉತ್ತರ: ಬೇಡ ಮಾರಾಯ್ರೆ. ಬೋರ್ಡು ಹೋಗಿದ್ದರೆ ಮತ್ತೆ ಸೇರಿಸಿದ ಕೂಡಲೇ ಪ್ರಿಂಟ್ ಹೇಗೆ ಬರುತ್ತಿತ್ತು? ಆ ಆರು ಕಾಪಿಗಳೇ ಸಾಕ್ಷಿ. ನಿಮ್ಮ ಪ್ರಿಂಟರ್ ಜಾಗ ಬದಲಿಸುತ್ತಿದೆ, ಕಂಪ್ಯೂಟರ್ ಹಳೇ ಜಾಗದಲ್ಲೇ ಹುಡುಕುತ್ತಿದೆ.

ಮಠದ ಪಂಕ್ತಿಯಲ್ಲಿ ಎಲೆ ಖಾಲಿ ಕಂಡಲ್ಲಿ ಕೂರುತ್ತೇವಲ್ಲ, ರೂಟರಿನ ಡಿಎಚ್‌ಸಿಪಿ ಎಂಬ ವ್ಯವಸ್ಥೆ ಪ್ರತಿ ಸಾಧನಕ್ಕೂ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಅದರ ಜಾಗದ ಸಂಖ್ಯೆ) ಹಂಚುವುದೂ ಹಾಗೆ. ಬೆಳಿಗ್ಗೆ ಪ್ರಿಂಟರ್ 192.168.1.104ರಲ್ಲಿತ್ತು ಎನ್ನಿ. ಕರೆಂಟು ಹೋಗಿ ಬರುವಷ್ಟರಲ್ಲಿ, ಆಧಾರ್ ಪ್ರಿಂಟಿಗೆಂದು ಬಂದು ನಿಮ್ಮ ವೈಫೈ ಹಿಡಿದ ಯಾರದೋ ಮೊಬೈಲು ಅಲ್ಲಿ ಕೂತಿರುತ್ತದೆ. ಪ್ರಿಂಟರಿಗೆ 107 ಸಿಗುತ್ತದೆ.

ಪ್ರಿಂಟರಿಗೆ ಒಂದು ಎಲೆ ಕಾದಿಡಿ, ಅಷ್ಟೇ. ಪ್ರಿಂಟರ್ ಮೆನುವಿನಿಂದ ನೆಟ್‌ವರ್ಕ್ ವರದಿ ತೆಗೆಯಿರಿ. ಎರಡೆರಡರಂತೆ ಆರು ಜೋಡಿ ಅಕ್ಷರ-ಅಂಕೆಗಳ ಮ್ಯಾಕ್ ವಿಳಾಸ, ಅಂದರೆ ಪ್ರಿಂಟರಿನ ಬದಲಾಗದ ಗುರುತು, ಅದರಲ್ಲಿರುತ್ತದೆ. ಕೇಬಲ್ಲಿಗೊಂದು, ವೈಫೈಗೊಂದು ಎಂದು ಎರಡು ಇರಬಹುದು, ವೈಫೈಯದ್ದನ್ನೇ ಬರೆದುಕೊಳ್ಳಿ. ಬ್ರೌಸರಿನಲ್ಲಿ ರೂಟರಿನ ಪುಟ ತೆರೆದು (ಸಾಮಾನ್ಯವಾಗಿ 192.168.1.1 ಅಥವಾ 192.168.0.1) ‘ಅಡ್ರೆಸ್ ರಿಸರ್ವೇಶನ್’ನಲ್ಲಿ ಆ ಮ್ಯಾಕ್‌ಗೆ 192.168.1.150 ಎಂದು ಕೊಡಿ. ರೂಟರ್ 0.1 ಆಗಿದ್ದರೆ 192.168.0.150. ಆಮೇಲೆ ಪ್ರಿಂಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ.

ಪ್ರಿಂಟರಿನಲ್ಲೇ ಕೈಯಾರೆ ವಿಳಾಸ ಬರೆದರೆ ಆಗದೇ ಎನ್ನುತ್ತೀರಿ. ಆಗುತ್ತದೆ, ಆದರೆ ಅದು ರೂಟರ್ ಹಂಚುವ ಸಾಲಿನ ಹೊರಗಿರಬೇಕು. ಮಂಗಳೂರಿನ ಹಂಪನಕಟ್ಟೆಯಲ್ಲಿ ಒಂದು ಆಡಿಟರ್ ಆಫೀಸಿಗೆ ನಾನೇ 105 ಬರೆದು ಬಂದಿದ್ದೆ. ಆ ರೂಟರ್ ಹಂಚುತ್ತಿದ್ದದ್ದು 100ರಿಂದ. ಪ್ರಿಂಟರ್ ಆಫ್ ಇದ್ದ ಹೊತ್ತಿನಲ್ಲಿ 105 ಒಂದು ಲ್ಯಾಪ್‌ಟಾಪಿಗೆ ಹೋಯಿತು. ಜಿಎಸ್‌ಟಿ ರಿಟರ್ನಿನ 20ನೇ ತಾರೀಕು ಬೇರೆ! ಒಮ್ಮೆ ಪ್ರಿಂಟ್ ಬರುತ್ತದೆ, ಒಮ್ಮೆ ಇಲ್ಲ. ಫೋನಿನಲ್ಲಿ ಸಿಕ್ಕಿದ ಬೈಗುಳ ಇನ್ನೂ ನೆನಪಿದೆ.

ಇನ್ನು ಕಂಪ್ಯೂಟರಿನ ಕೆಲಸ. ಆ ಕಾಪಿಗಳನ್ನೆಲ್ಲ ಅಳಿಸಿ ಒಂದನ್ನು ಉಳಿಸಿ. ಅದರ ‘ಪ್ರಿಂಟರ್ ಪ್ರಾಪರ್ಟೀಸ್’ನಲ್ಲಿ ‘ಪೋರ್ಟ್ಸ್’ಗೆ ಹೋಗಿ, ‘ಆ್ಯಡ್ ಪೋರ್ಟ್’, ‘ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್’ ಆರಿಸಿ ಹೊಸ ವಿಳಾಸ ಬರೆಯಿರಿ. ಹೆಚ್ಚಿನವರು ಬಿಡುವುದು ಇದನ್ನೇ. ರೂಟರ್ ಸರಿಮಾಡಿ, ಕಂಪ್ಯೂಟರನ್ನು ಹಳೇ ಪೋರ್ಟಿನಲ್ಲೇ ಬಿಟ್ಟು, ಮರುದಿನ ನನಗೆ ಪತ್ರ ಬರೆಯುತ್ತಾರೆ.

ಇಷ್ಟಾದರೂ ವರದಿಯಲ್ಲಿ 169.254 ಎಂದು ಶುರುವಾಗುವ ವಿಳಾಸ ಕಂಡರೆ, ಪ್ರಿಂಟರಿಗೆ ರೂಟರಿನಿಂದ ಉತ್ತರವೇ ಸಿಕ್ಕಿಲ್ಲ ಎಂದರ್ಥ. ಕರೆಂಟು ಬಂದಾಗ ರೂಟರ್ ಏಳುವ ಮೊದಲೇ ಪ್ರಿಂಟರ್ ಎದ್ದಿರುತ್ತದೆ. ಎರಡು ನಿಮಿಷ ತಡೆದು ಪ್ರಿಂಟರ್ ಆನ್ ಮಾಡಿ, ಇಲ್ಲವೇ ರೂಟರನ್ನು ಯುಪಿಎಸ್‌ಗೆ ಸೇರಿಸಿ. ಲೇಸರ್ ಪ್ರಿಂಟರನ್ನು ಮಾತ್ರ ಆ ಸಣ್ಣ ಯುಪಿಎಸ್‌ಗೆ ಹಾಕಬೇಡಿ; ಅದರಲ್ಲಿ ಶಾಯಿಪುಡಿಯನ್ನು ಕಾಯಿಸಿ ಕಾಗದಕ್ಕೆ ಅಂಟಿಸುವ ಫ್ಯೂಸರ್ ಬಿಸಿಯಾಗಲು ಎಳೆಯುವ ಕರೆಂಟಿಗೆ ಯುಪಿಎಸ್ ಕಿರುಚಿಕೊಂಡು ಮಲಗುತ್ತದೆ, ಜೊತೆಗೆ ರೂಟರೂ.